ತಕ್ಕಡಿ ಹತ್ತಿದ ಫ್ರೆಂಚ್ ಗಡಿಯಾರ

ತಿಪಟೂರು
೨-೬-೨೦೨೪

ಸೌ. ಸಿದ್ದಗಂಗಮ್ಮನಿಗೆ ಅತ್ತಿಗೆ ವನಜಾಕ್ಷಿಯ ಶರಣು.

ಈ ಮೂಲಕ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳ ಸಮಸ್ತ ಮಹಾಜನರಿಗೆ, ವಿಶೇಷವಾಗಿ ದಬ್ಬೇಘಟ್ಟದಲ್ಲಿ ವಾಸವಾಗಿರುವ ನನ್ನ ಒಬ್ಬಳೇ ನಾದಿನಿಗೆ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ನಮ್ಮ ಮನೆಯ ಫ್ರೆಂಚ್ ಗಡಿಯಾರದ ಧೂಳನ್ನು ಒರೆಸಲಾಯಿತು. ಸಮಾರಂಭದ ಅಧ್ಯಕ್ಷತೆಯನ್ನು ನಾನೇ ವಹಿಸಿದ್ದೆ. ಒರೆಸುವ ಬಟ್ಟೆಯನ್ನು ನಿನ್ನ ಅಣ್ಣನವರ ಹಳೇ ಬನಿಯನ್ ದಯಪಾಲಿಸಿತು. ಸಭಿಕರಾಗಿ ಒಂದು ಹಲ್ಲಿ ಹಾಜರಿತ್ತು. ವಂದನಾರ್ಪಣೆಗೆ ಮುಂಚೆಯೇ ಎದ್ದುಹೋಯಿತು.

ಇಷ್ಟಕ್ಕೆ ಕಾಗದ ಯಾಕೆ, ಫೋನ್ ಮಾಡಬಹುದಿತ್ತಲ್ಲ ಅಂತೀಯ. ಮಾಡಿದೆ. ನನ್ನ ಹೆಸರು ಕಂಡ ಕೂಡಲೇ ನೀನು ಕಟ್ ಮಾಡಿದೆ. ಪಕ್ಕದ ಮನೆಯವರ ಫೋನಿನಿಂದ ಮಾಡಿದೆ. ನನ್ನ ಕೆಮ್ಮು ಕೇಳಿದ ಕೂಡಲೇ ನೀನು ಕಟ್ ಮಾಡಿದೆ. ಕಾಗದವಾದರೆ ಹರಿದುಹಾಕಬಹುದು, ನಿಜ. ಆದರೆ ಹರಿಯುವ ಮುಂಚೆ ನೀನು ಓದಿಯೇ ಓದುತ್ತೀಯ. ಹೈಸ್ಕೂಲಿನಲ್ಲಿ ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು ನಾನು. ಬೇರೆಯವರ ಚೀಟಿಯನ್ನೇ ಬಿಡದೆ ಓದುತ್ತಿದ್ದವಳು ನಿನ್ನ ಹೆಸರಿಗೇ ಬಂದದ್ದನ್ನು ಬಿಡುತ್ತೀಯಾ?

ಈಗ ವಿಷಯ. ನಮ್ಮ ಹೊಸ ಮನೆ ಮುಗಿಯುತ್ತಾ ಬಂತು. ಕಾರ್ತಿಕದಲ್ಲಿ ಗೃಹಪ್ರವೇಶ. ಈ ಹಳೇ ಮನೆ ಕೊಬ್ಬರಿ ಗೋಡೌನ್ ಆಗುತ್ತದೆ. ವಾಸ್ತು ಹೇಳುವವನೊಬ್ಬ ಬಂದು ದಿಕ್ಕು ದಿಕ್ಕಿಗೂ ಮುಖ ಮಾಡಿ ನಿಂತು, ಎರಡು ಲೋಟ ಮಜ್ಜಿಗೆ ಕುಡಿದು, ನಿಂತ ಗಡಿಯಾರ ಮನೆಯೊಳಗಿದ್ದರೆ ಯಜಮಾನನ ಏಳಿಗೆಯೂ ನಿಲ್ಲುತ್ತದೆ ಎಂದು ಹೇಳಿಹೋದ. ಅಂದಿನಿಂದ ನಿನ್ನ ಅಣ್ಣನವರಾದ ಶ್ರೀಮಾನ್ ಕಾಡಸಿದ್ದಪ್ಪನವರದು ಒಂದೇ ಮಾತು. "ಓಡುದ್ರೆ ಹೊಸ ಮನೇಗೆ ಬರ್ಲಿ. ಓಡ್ದಿದ್ರೆ ಹೋಗ್ಲಿ ಬುಡು." ಹೋಗಲಿ ಅಂದರೆ ಎಲ್ಲಿಗೆ ಅನ್ನುವುದೂ ಗೊತ್ತಾಗಿದೆ. ಬೆಂಗಳೂರಿನಲ್ಲಿ ಹಳೇ ಸಾಮಾನು ಕೊಳ್ಳುವವನೊಬ್ಬನ ನಂಬರು ಅವರ ಜೇಬಿನಲ್ಲಿದೆ.

ಅದು ಹೇಗೆ ಓಡೀತು ಹೇಳು. ಅದರ ಪ್ರಾಣವೆಲ್ಲ ನಿನ್ನ ಮನೆಯಲ್ಲಿದೆ.

ಮಾವನವರು ತೀರಿಕೊಂಡ ವರ್ಷ ನಡೆದ ಪಾಲು ನಿನಗೆ ನೆನಪಿಲ್ಲದ್ದಲ್ಲ. ಗಡಿಯಾರ ಒಂದು, ಅದರ ಅಕ್ಕಪಕ್ಕ ನಿಲ್ಲುವ ಪಿಂಗಾಣಿಯ ಹೂಜಿಗಳು ಎರಡು. ಮೂರೂ ಸೇರಿದರೆ ಒಂದು ಜೊತೆ. ನಿಮ್ಮ ದೊಡ್ಡಪ್ಪ ಮರುಳಸಿದ್ದಯ್ಯನವರು ನಡುಮನೆಯಲ್ಲಿ ಕೂತು, "ಮೂರು ಸಾಮಾನು, ಎರಡು ಮಕ್ಳು. ಹೆಂಗಪ್ಪಾ ಹಂಚಾದು? ನಮ್ಮಂಥ ಕೊಬ್ರಿ ಸಾವ್ಕಾರ್ರಿಗೆ ಇರಾದು ಒಂದೇ ದೇವ್ರು, ತಕ್ಕಡಿ. ತತ್ತಾರ್ಲಾ" ಅಂದರು. ತಂದರು. ಒಂದು ತಟ್ಟೆಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಹೂಜಿಗಳು. ಗಡಿಯಾರದ ಕಡೆ ಜಗ್ಗಿತು. ಹೆಣ್ಣುಮಗಳಿಗೆ ಅನ್ಯಾಯ ಆಗಬಾರದು ಅಂತ ಅದರ ಗಾಜಿನ ಮುಚ್ಚಳ ತೆಗೆದು ಹೂಜಿಗಳ ಕಡೆ ಇಟ್ಟರು. ಸಾಲದು. ಮರದ ಪೀಠ ಕಳಚಿದರು. ಸಾಲದು. ತಲೆಯ ಮೇಲಿದ್ದ ರೆಕ್ಕೆಯ ಮಗುವಿನ ತಿರುಪು ಬಿಚ್ಚಿದರು. ಆಮೇಲೆ ಹೊಟ್ಟೆಗೆ ಕೈಹಾಕಿ ಗಂಟೆ, ಲೋಲಕ, ಕೊನೆಗೆ ಕೀ. ಮುಳ್ಳು ನೆಟ್ಟಗೆ ನಿಂತಿತು. ದೊಡ್ಡಪ್ಪ ಮೀಸೆ ತೀಡಿಕೊಂಡು, "ನ್ಯಾಯ ಅಂದ್ರೆ ಇದು ಕಣ್ರಪ್ಪಾ" ಅಂದರು. ಗಡಿಯಾರವೂ ನಿಂತಿತ್ತು.

ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ದಿನ ನನ್ನ ಜೊತೆ ಬಾಯಿಬಿಟ್ಟು ಮಾತಾಡಿದವು ಎರಡೇ. ಒಂದು ನೀನು, ಇನ್ನೊಂದು ಆ ಗಡಿಯಾರ. ಹನ್ನೆರಡು ವರ್ಷದಿಂದ ಎರಡೂ ಮಾತಾಡುತ್ತಿಲ್ಲ. ಗಡಿಯಾರಕ್ಕಾದರೂ ಲೋಲಕ ಇಲ್ಲ ಎನ್ನುವ ಕಾರಣವಿದೆ.

ನಾನು ತೀರ್ಮಾನ ಮಾಡಿದ್ದೇನೆ. ಗಡಿಯಾರ ಓಡುತ್ತದೆ, ಹೊಸ ಮನೆಗೆ ಬರುತ್ತದೆ. ನಿನ್ನ ಕಡೆ ಇರುವುದನ್ನೆಲ್ಲ ಒಂದು ಗೋಣಿಯಲ್ಲಿ ಹುಲ್ಲಿಟ್ಟು ಕಟ್ಟಿ ನಿಮ್ಮ ಯಜಮಾನರಾದ ಈರಣ್ಣನವರ ಕೈಲಿ ಕಳಿಸಿಕೊಡು.

ಇಂತಿ,
ಧೂಳು ಒರೆಸಿದ ಅತ್ತಿಗೆ
ವನಜಾಕ್ಷಿ


ದಬ್ಬೇಘಟ್ಟ
೧೯-೬-೨೦೨೪

ಅತ್ತಿಗೆಯವರಿಗೆ ಶರಣು.

ತಮ್ಮ ಕಾಗದ ತಲುಪಿತು. ಧೂಳು ಒರೆಸಿದ್ದು ತಿಳಿದು ಸಂತೋಷ.

ತಾವು ಕೇಳಿದ ಸಾಮಾನುಗಳು ನನ್ನ ಪಾಲಿನವು. ಹಿರಿಯರು ತೂಕ ಹಾಕಿ ಕೊಟ್ಟಿದ್ದಾರೆ. ತೂಕ ಹಾಕಿ ಕೊಟ್ಟದ್ದನ್ನು ವಾಪಸ್ ಕೇಳುವ ಪದ್ಧತಿ ಮಂಡಿಯಲ್ಲಿ ಇಲ್ಲ ಎಂದು ಅಣ್ಣನವರಿಗೆ ಗೊತ್ತಿರಬಹುದು.

ಅಲ್ಲದೆ ಅವೆಲ್ಲ ಉಪಯೋಗದಲ್ಲಿವೆ. ಒಂದು ಹೂಜಿಯಲ್ಲಿ ಸೌಟುಗಳು. ಇನ್ನೊಂದರಲ್ಲಿ ನಮ್ಮ ಯಜಮಾನರ ಟಾರ್ಚು, ಚಾಳೀಸು, ಬಿಪಿ ಮಾತ್ರೆ. ಗಾಜಿನ ಮುಚ್ಚಳದ ಕೆಳಗೆ ಹಪ್ಪಳದ ಹಿಟ್ಟು. ಪೀಠದ ಮೇಲೆ ನಾನು ಕಾಲು ಇಟ್ಟುಕೊಳ್ಳುತ್ತೇನೆ, ಮಂಡಿನೋವು. ರೆಕ್ಕೆಯ ಮಗು ಬರಿ ಮೈಯಲ್ಲಿ ಇರುವುದು ಮರ್ಯಾದೆಯಲ್ಲ ಅಂತ ಒಂದು ಚಡ್ಡಿ ಹೊಲಿದು ಹಾಕಿದ್ದೇನೆ. ಅದು ಆರಾಮವಾಗಿದೆ.

ಮಳೆ ಸುಮಾರಾಗಿ ಆಗಿದೆ. ಇವರು ಕ್ಷೇಮ.

ಇಂತಿ,
ಸಿದ್ದಗಂಗಮ್ಮ ಈರಣ್ಣ


ತಿಪಟೂರು
೩೦-೬-೨೦೨೪

ತಾವು ತಾವು ಎನ್ನುವ ಸಿದ್ದಗಂಗಮ್ಮನವರ ಸನ್ನಿಧಾನಕ್ಕೆ,

ಹದಿನಾಲ್ಕನೇ ವಯಸ್ಸಿನಿಂದ ನನ್ನನ್ನು "ಲೇ ವನಜಿ" ಅಂತ ಕರೆದವಳ ಬಾಯಲ್ಲಿ 'ತಾವು' ಕೇಳಿ ನನಗೆ ಯಾರೋ ಸನ್ಮಾನದ ಶಾಲು ಹೊದಿಸಿದ ಹಾಗಾಯಿತು. ಸೆಕೆಯಾಗುತ್ತಿದೆ, ದಯವಿಟ್ಟು ತೆಗಿ.

ಗಡಿಯಾರದ ಆರೋಗ್ಯ ಪತ್ರಿಕೆ ಹೀಗಿದೆ. ಬಸ್‌ಸ್ಟ್ಯಾಂಡ್ ಹತ್ತಿರದ ವಾಚ್ ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋಗಿದ್ದೆ. ಅವನು ಹಿಂದಿನ ಬಾಗಿಲು ತೆಗೆದು ಇಣುಕಿ, "ಅಮ್ಮಾ, ಇದ್ರ ಹೊಟ್ಟೇಲಿ ಲೋಲಕಾನೂ ಇಲ್ಲ, ಗಂಟೇನೂ ಇಲ್ವಲ್ಲ. ಬ್ಯಾಟ್ರಿ ಮಿಷನ್ ಕೂರುಸ್ತೀನಿ. ಗಂಟೇಗೊಂದು ಸಲ ಕೋಗ್ಲೆ ಕೂಗ್ತದೆ" ಅಂದ. ಜೊತೆಗೆ ಬಂದಿದ್ದ ನಿನ್ನ ಅಣ್ಣನವರಿಗೆ ಈ ಕೋಗಿಲೆ ಬಹಳ ಹಿಡಿಸಿತು. ನನಗೆ ಹಿಡಿಸಲಿಲ್ಲ. ಅಂಗಡಿಯ ಕಟ್ಟೆಯ ಮೇಲೇ ನಮ್ಮಿಬ್ಬರಿಗೂ ಜೋರಾಯಿತು.

"ಓಡುದ್ರೆ ಸಾಕಲ್ಲೇ, ಒಳಗೆ ಏನಿದ್ರೇನು?"

"ಹಂಗಾದ್ರೆ ನಿಮ್ಮ ಎಳನೀರು ಬುರುಡೇಲಿ ಕೊಳಾಯಿ ನೀರು ತುಂಬ್ಸಿ ಮಾರಿ, ಕುಡುದ್ರೆ ಸಾಕಲ್ವಾ?"

ರಿಪೇರಿಯವನು ನಗು ತಡೆಯಲು ಡ್ರಾಯರಿನೊಳಗೆ ಮುಖ ಹಾಕಿದ. ಗಡಿಯಾರವನ್ನು ಅಲ್ಲಿಂದ ಹೊತ್ತು ತಂದಿದ್ದೇನೆ.

ಅದಕ್ಕೆ ನಮ್ಮ ಮನೆಯಲ್ಲಿ ಆಗಿರುವ ಅವಮಾನ ಸಾಲದೇನೇ? ಮಾವನವರು ಅದನ್ನು ಮೈಸೂರಿನ ಯಾವುದೋ ಬಂಗಲೆಯ ಹರಾಜಿನಲ್ಲಿ ತಂದಾಗ ಹರಾಜಿನವನು, "ಇದನ್ನು ಅವರ ದೇಶದಲ್ಲಿ ಒಲೆಯ ಮೇಲಿನ ಹಲಗೆಯಲ್ಲಿ ಇಡುತ್ತಾರೆ" ಅಂದನಂತೆ. ಅವರ ದೇಶದಲ್ಲಿ ಒಲೆ ಚಳಿ ಕಾಯಿಸಲು ನಡುಮನೆಯಲ್ಲಿರುತ್ತದೆ ಎನ್ನುವುದನ್ನು ಹೇಳಲಿಲ್ಲ, ಮಾವನವರು ಕೇಳಲಿಲ್ಲ. ತಂದವರೇ ಅಡುಗೆಮನೆಯಲ್ಲಿ, ತೆಂಗಿನ ಸೋಗೆ ಉರಿಯುವ ಒಲೆಯ ಮೇಲಿನ ಹಲಗೆಗೆ ಏರಿಸಿದರು. ಒಂದೇ ಬೇಸಗೆಗೆ ಚಿನ್ನದ ಲೇಪ ಬಾಣಲೆಯ ಬಣ್ಣಕ್ಕೆ ಬಂತು. ನಿಮ್ಮಮ್ಮ ಹುಣಸೆಹಣ್ಣು ಹಾಕಿ ಉಜ್ಜಿದರು. ಮಸಿಯೂ ಹೋಯಿತು, ಒಂದು ಹೂಜಿಯ ಕಿವಿಯಲ್ಲಿದ್ದ ಚಿನ್ನವೂ ಹೋಯಿತು. ಮುಖಫಲಕದ ಕೆಳಗಿನ ಚಿತ್ರದಲ್ಲಿರುವ ಹೆಂಗಸು, ಅದೇ ರೇಷ್ಮೆ ಲಂಗ ಹಾಕಿಕೊಂಡು ಕುರಿ ಕಾಯುತ್ತಾಳಲ್ಲ, ಅವಳು ಇಷ್ಟೆಲ್ಲಾ ಆದರೂ ನಗುತ್ತಲೇ ಇದ್ದಾಳೆ. ಅವಳನ್ನು ನೋಡಿಯೇ ನನಗೆ ಹಟ ಬಂದಿರುವುದು.

ಇನ್ನು ನಿನ್ನ ಶಪಥದ ವಿಚಾರ. ಪಾಲಿನ ದಿನ ನೀನು ಹೊರಡುವಾಗ "ಈ ಮನೆ ಹೊಸ್ತಿಲು ಇನ್ನು ತುಳಿಯಾಕಿಲ್ಲ" ಅಂದೆ. ಆ ಶಪಥವನ್ನು ನಾನು ಗೌರವಿಸುತ್ತೇನೆ. ಆದರೆ 'ಈ ಮನೆ' ಇನ್ನು ಗೋಡೌನ್. ಹೊಸ ಮನೆಗೆ ಹೊಸ ಹೊಸ್ತಿಲು, ಅದಕ್ಕೂ ನಿನ್ನ ಶಪಥಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಯಾವ ಕೋರ್ಟಿನಲ್ಲಿ ಬೇಕಾದರೂ ವಾದಿಸುತ್ತೇನೆ. ಕಳಿಸುವುದು ಬೇಡ, ನೀನೇ ತೆಗೆದುಕೊಂಡು ಬಾ.

ಬೆಂಗಳೂರಿನವನು ಶ್ರಾವಣದಲ್ಲಿ ಬಂದು ನೋಡುತ್ತಾನಂತೆ.

ಇಂತಿ,
ನಿನ್ನ ವನಜಿ


ದಬ್ಬೇಘಟ್ಟ
೧೮-೭-೨೦೨೪

ಅತ್ತಿಗೆಯವರಿಗೆ ಶರಣು.

ಕಾಗದ ತಲುಪಿತು. ಎಳನೀರಿನ ಮಾತು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಅವರು ನಕ್ಕರು. ನಾನು ನಗಲಿಲ್ಲ.

ಹೊಸ್ತಿಲು ಬದಲಾಯಿತು ಅಂತ ಬರೆದಿದ್ದೀರಿ. ಹೊಸ್ತಿಲ ಒಳಗೆ ಕೂತು ತೂಕ ಹಾಕಿದವರು ಬದಲಾದರಾ?

ಅವತ್ತು ನನಗೆ ಬೇಕಾಗಿದ್ದದ್ದು ಗಡಿಯಾರ ಅಲ್ಲ, ಹೂಜಿ ಅಲ್ಲ. ಅಣ್ಣ ಒಂದು ಮಾತು, "ತಗೊಂಡ್ ಹೋಗವ್ವಾ, ಮೂರೂ ನಿಂದೇ" ಅಂದಿದ್ದರೆ, "ಬುಡಣ್ಣ, ಇಲ್ಲೇ ಇರ್ಲಿ" ಅಂತ ಹೇಳಿ ಕೈಬೀಸಿಕೊಂಡು ಬರುತ್ತಿದ್ದೆ. ನನ್ನ ಅಪ್ಪನ ಮನೆಯಲ್ಲಿ ನನ್ನನ್ನು ತಟ್ಟೆಯಲ್ಲಿ ಕೂರಿಸಿದರು. ಅಣ್ಣ ಮುಳ್ಳು ನೋಡುತ್ತಾ ಕೂತಿತ್ತು, ನನ್ನ ಮುಖ ನೋಡಲಿಲ್ಲ.

ಸಾಮಾನು ಕಳಿಸುವುದಿಲ್ಲ. ಬರುವುದೂ ಇಲ್ಲ.

ಹುಣಸೆಹಣ್ಣು ಹಾಕಿ ಉಜ್ಜಿದ್ದು ಅಮ್ಮ ಅಲ್ಲ, ನಾನು. ಅಮ್ಮ ಬೈಸಿಕೊಂಡಿತು.

ಇಂತಿ,
ಸಿದ್ದಗಂಗಮ್ಮ


ತಿಪಟೂರು
೨೮-೭-೨೦೨೪

ಸಿದ್ದಗಂಗಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೂರನೆಯ ಸಲ ಜೋರಾಗಿ ಓದಿದೆ, ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದವರಿಗೆ ಕೇಳುವ ಹಾಗೆ. ಪೇಪರಿನ ಹಾಳೆ ಬಹಳ ಹೊತ್ತು ತಿರುಗಲಿಲ್ಲ. ಅದಕ್ಕಿಂತ ಹೆಚ್ಚಿನ ವರದಿ ಸದ್ಯಕ್ಕೆ ನನ್ನ ಹತ್ತಿರ ಇಲ್ಲ.

ನಿನ್ನ ಕಡೆಯದನ್ನು ನೀನು ಕೊಡುವುದಿಲ್ಲ. ನೀನು ಬರುವುದೂ ಇಲ್ಲ. ಒಳ್ಳೆಯದು. ಈ ಗುರುವಾರ ಬೆಳಿಗ್ಗೆ ಗಡಿಯಾರವನ್ನು ಹೊತ್ತುಕೊಂಡು ನಾನೇ ಬರುತ್ತಿದ್ದೇನೆ. ರಿಪೇರಿ ಮಾಡಿಸಿಕೊಂಡು ವಾಪಸ್ ತರಲಿಕ್ಕಲ್ಲ. ನಿನಗೆ ಕೊಟ್ಟು ಬರಲಿಕ್ಕೆ. ಕೋಗಿಲೆ ಕೂಗುವುದಕ್ಕಿಂತ, ಬೆಂಗಳೂರಿನ ಯಾರದೋ ಅಂಗಡಿಯಲ್ಲಿ ಬೋಳು ತಲೆಯಲ್ಲಿ ನಿಲ್ಲುವುದಕ್ಕಿಂತ, ದಬ್ಬೇಘಟ್ಟದಲ್ಲಿ ನಿನ್ನ ಸೌಟುಗಳ ನಡುವೆ ಪೂರ್ತಿಯಾಗಿ ಇರಲಿ.

ಇದು ಪ್ರಾರ್ಥನೆಯಲ್ಲ, ಸೂಚನೆ. ಬಾಗಿಲು ಹಾಕಿಕೊಂಡರೆ ಜಗಲಿಯಲ್ಲಿಟ್ಟು, ಕುರಿ ಕಾಯುವ ಹೆಂಗಸನ್ನು ನಿನ್ನ ಬಾಗಿಲ ಕಡೆ ತಿರುಗಿಸಿ ಬರುತ್ತೇನೆ. ಅವಳ ನಗುವನ್ನು ನೀನು ಎಷ್ಟು ಹೊತ್ತು ತಡೆಯುತ್ತೀಯೋ ನೋಡೋಣ.

ಇಂತಿ,
ವನಜಿ


ತಿಪಟೂರು
೧೦-೮-೨೦೨೪

ಪ್ರೀತಿಯ ಸಿದ್ದಗಂಗಾ,

ನಾನು ಸುಖವಾಗಿ ಊರು ತಲುಪಿದೆ ಅಂತ ಬರೆಯಲು ಹತ್ತು ದಿನ ಬೇಕಾಯಿತು. ಅಷ್ಟು ದಿನ ಕೈ ಎತ್ತಲು ಆಗಲಿಲ್ಲ. ನಿಮ್ಮಪ್ಪನ ಗಡಿಯಾರ ತೂಕದಲ್ಲಿ ಯಾರಿಗೂ ಮೋಸ ಮಾಡಿದ್ದಲ್ಲ.

ನಿನ್ನ ಮನೆಯಲ್ಲಿ ನಡೆದದ್ದು ನಿನಗೆ ಗೊತ್ತು. ಬಸ್ಸಿನಲ್ಲಿ ನಡೆದದ್ದು ಗೊತ್ತಿಲ್ಲ, ಅದನ್ನು ಕೇಳು. ಹಳೇ ಕಂಬಳಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಕಂಡಕ್ಟರ್ ಬಂದು, "ಅಜ್ಜೀ, ನಿಮ್ಗೆ ಫ್ರೀ. ಇದುಕ್ಕೆ ಲಗೇಜು" ಅಂದ. ಅಜ್ಜಿ ಅಂದದ್ದಕ್ಕೆ ನನಗೂ ರೇಗಿತು. ಕಂಬಳಿ ಸರಿಸಿ ಚಿತ್ರ ತೋರಿಸಿ, "ಇವ್ಳೂ ಹೆಂಗ್ಸೇ ಕಣಪ್ಪಾ. ಇವ್ಳಿಗೂ ಫ್ರೀ" ಅಂದೆ. ಅವನು ಬಗ್ಗಿ ನೋಡಿದ. "ಆಧಾರ್ ಕಾರ್ಡ್ ಐತಾ? ಕರ್ನಾಟಕದೋರಿಗೆ ಮಾತ್ರ." ಹಿಂದಿನ ಸೀಟಿನ ಹೆಂಗಸು, "ಮುಖ ನೋಡುದ್ರೆ ನೊಣವಿನಕೆರೆ ಕಡೆಯೋಳ ಥರ ಅವ್ಳೆ, ಬುಡಪ್ಪ" ಅಂದಳು. ಅವನು ಬಿಡಲಿಲ್ಲ. "ಅವ್ಳಿಗೆ ಫ್ರೀ ಅಂದ್ಕೊಳಿ. ಪಕ್ಕದಲ್ಲಿ ಕುರಿ ನಿಂತೈತಲ್ಲ, ಅದುಕ್ಕೆ ಟಿಕೆಟ್ ಆಗ್ಬೇಕು" ಅಂದ. ಇಡೀ ಬಸ್ಸು ನಕ್ಕಿತು. ಕುರಿಗೆ ಟಿಕೆಟ್ ತೆಗೆದುಕೊಂಡೆ.

ನೀನು ಬಾಗಿಲು ಹಾಕಿಕೊಳ್ಳಲಿಲ್ಲ. ತೆಗೆದು, ನನ್ನನ್ನು ನೋಡಿ, ಅಡುಗೆಮನೆಗೆ ಹೋದೆ. ಅದನ್ನೂ ಸ್ವಾಗತ ಅಂತಲೇ ಲೆಕ್ಕ ಹಾಕಿಕೊಂಡೆ. ಪಾಪ ಈರಣ್ಣನವರು ಸೌಟು ಖಾಲಿ ಮಾಡಿದರು, ಮಾತ್ರೆ ಖಾಲಿ ಮಾಡಿದರು, ಹಪ್ಪಳದ ಹಿಟ್ಟನ್ನು ಎಲ್ಲಿಡುವುದು ಅಂತ ತಿಳಿಯದೆ ಅದನ್ನು ಹಿಡಿದುಕೊಂಡೇ ಓಡಾಡಿದರು. ಇಬ್ಬರೂ ಸೇರಿ ಲೋಲಕ ನೇತುಹಾಕಿದೆವು, ಗಂಟೆ ಸಿಕ್ಕಿಸಿದೆವು, ಕೀ ಕೊಟ್ಟೆವು. ನಾಲ್ಕು ಸಲ ಆಡಿತು, ನಿಂತಿತು. ಮತ್ತೆ ತಳ್ಳಿದೆವು. ಆಡಿತು, ನಿಂತಿತು. ಈರಣ್ಣನವರು, "ವಯಸ್ಸಾಗೈತೆ ಕಣ್ರೀ, ನಮ್ಮಂಗೆ" ಅಂದರು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ನೀನು ಬಂದೆ, ಹಿಟ್ಟಿನ ಕೈಯಲ್ಲೇ. "ದೂರ ಸರೀರಿ. ಕುಂಟ್ತಾ ಐತೆ, ಕೇಳ್ಸಾಕಿಲ್ವಾ?" ನಮಗೆ ಕೇಳಿಸಿರಲಿಲ್ಲ. ನೀನು ಕಣ್ಣು ಮುಚ್ಚಿ, ಕಿವಿ ಹತ್ತಿರ ಇಟ್ಟು, ಗಡಿಯಾರದ ಎಡಗಾಲಿನ ಕೆಳಗೆ ಕಾಗದದ ಮಡಿಕೆ ತೂರಿಸಿದೆ. ತೆಗೆದೆ. ಇನ್ನೊಂದು ಮಡಿಕೆ ಮಡಿಸಿ ತೂರಿಸಿದೆ. ಟಿಕ್ಕಿಗೂ ಟಕ್ಕಿಗೂ ನಡುವಿನ ಅಂತರ ಸರಿಸಮ ಆಗಬೇಕಂತೆ, ಮಾವನವರು ನಿನಗೊಬ್ಬಳಿಗೇ ಹೇಳಿಕೊಟ್ಟಿದ್ದರಂತೆ. ನಲವತ್ತು ವರ್ಷದಿಂದ ಈ ಮನೆಯಲ್ಲಿರುವ ನನಗೆ ಇದು ಗೊತ್ತಿರಲಿಲ್ಲ. ನಿನ್ನ ಅಣ್ಣನವರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಅದು ಓಡಲು ಹಿಡಿದಾಗ ನೀನು ನನ್ನ ಕಡೆ ನೋಡದೆ, "ಊಟ ಮಾಡ್ಕೊಂಡು ಹೋಗು" ಅಂದೆಯಲ್ಲ, ಆ ಮುದ್ದೆಗೆ ಉಪ್ಪು ಜಾಸ್ತಿಯಾಗಿತ್ತು. ಯಾರ ಕಣ್ಣಿನದು ಅಂತ ನಾನು ಕೇಳುವುದಿಲ್ಲ.

ಮನೆಗೆ ಬಂದಾಗ ನಿನ್ನ ಅಣ್ಣನವರು ಖಾಲಿ ಜಾಗದ ಮುಂದೆ ನಿಂತಿದ್ದರು.

"ಎಲ್ಲೇ ಅದು?"

"ಮನೆ ಮಗಳ ಮನೇಗೆ ಹೋಯ್ತು."

"ಯಾವಾಗ ಬತ್ತದೆ?"

"ಬರಾಕಿಲ್ಲ. ಓಡ್ತಾ ಐತೆ. ಬೆಂಗ್ಳೂರೋನ್ಗೆ ಫೋನ್ ಮಾಡಿ, ಬರ್ಬ್ಯಾಡ ಅನ್ನಿ."

ಆ ಖಾಲಿ ಜಾಗದ ಧೂಳನ್ನು ಅಂಗೈಯಿಂದ ಒರೆಸಿದರು. ಆಮೇಲೆ, "ಅವ್ಳು ಕಾಗುದ ಮಡಿಸಿ ಇಟ್ಟಳಾ?" ಅಂದರು. ಅಂದರೆ ನಿಮ್ಮಪ್ಪ ಹೇಳಿಕೊಡುವಾಗ ಬಾಗಿಲ ಹಿಂದೆ ನಿಂತು ನೋಡಿದ್ದಾರೆ. ನನಗೂ ಹೇಳಿಕೊಡಿ ಅಂತ ಕೇಳಲು ಮಾತ್ರ ಬಾಯಿ ಬಂದಿಲ್ಲ. ಅವರ ಜಾಯಮಾನ ನಿನಗೆ ಗೊತ್ತಲ್ಲ.

ಗೃಹಪ್ರವೇಶಕ್ಕೆ ಬಾ ಅಂತ ನಾನು ಕರೆಯುವುದಿಲ್ಲ. ಅದು ಅತ್ತಿಗೆ ಕರೆಯುವ ಕರೆಯಲ್ಲ. ಯಾರು ಕರೆಯಬೇಕೋ ಅವರಿಗೆ ಹೇಳಿದ್ದೇನೆ. ಇನ್ನೂ ಹೇಳುತ್ತೇನೆ. ಬೆಳಿಗ್ಗೆ ಕಾಫಿಗೆ ಮುಂಚೆ ಒಂದು ಸಲ, ಊಟದ ಮಧ್ಯದಲ್ಲಿ ಒಂದು ಸಲ.

ಇಂತಿ,
ಕುರಿಗೆ ಟಿಕೆಟ್ ತೆತ್ತ
ವನಜಿ


ದಬ್ಬೇಘಟ್ಟ
೪-೯-೨೦೨೪

ವನಜಾಕ್ಷಿಗೆ,

ಗಡಿಯಾರ ಓಡುತ್ತಿದೆ. ಗಂಟೆ ಹೊಡೆಯುವುದು ಮಾತ್ರ ಅದರ ಇಷ್ಟ. ಬೆಳಗಿನ ಐದಕ್ಕೆ ಮೂರು ಹೊಡೆಯಿತು. ಇವರು ಮೂರು ಅಂತ ತಿಳಿದು ಮತ್ತೆ ಮಲಗಿದರು, ಹಾಲು ಕರೆಯುವ ಹೊತ್ತು ಮೀರಿ ಹಸು ಕೂಗಿ ಬೀದಿ ಸೇರಿಸಿತು.

ಮುದ್ದೆಗೆ ಯಾರಾದರೂ ಉಪ್ಪು ಹಾಕುತ್ತಾರೇನೇ? ನಿನಗೆ ಹೆಚ್ಚಾಗಿದ್ದು ಸಾರಿನದು.

ಅಣ್ಣನಿಗೆ ದಿನಾ ಹೇಳಬೇಡ. ಹೇಳಿಸಿಕೊಂಡು ಬಂದ ಕರೆ ನನಗೆ ಬೇಡ.

ಇಂತಿ,
ಸಿದ್ದಗಂಗಮ್ಮ


ತಿಪಟೂರು
೧೫-೯-೨೦೨೪

ಸಿದ್ದಗಂಗಾ,

ಅಪ್ಪಣೆ. ಇವತ್ತಿನಿಂದ ಬಾಯಿಗೆ ಬೀಗ. ಅರವತ್ತೊಂದು ವರ್ಷದಲ್ಲಿ ನನ್ನ ಬಾಯಿಗೆ ಇಂಥ ಶಿಕ್ಷೆ ಯಾರೂ ಕೊಟ್ಟಿರಲಿಲ್ಲ.

ಆದರೆ ಹಟ ಬಿಟ್ಟೆ ಅಂದುಕೊಳ್ಳಬೇಡ. ಹೊಸ ಮನೆಯ ಹಾಲಿನಲ್ಲಿ ಬಡಗಿ ಟಿವಿಗೆ ಅಂತ ಒಂದು ಹಲಗೆ ಕೂರಿಸಿದ್ದಾನೆ. ಟಿವಿಯನ್ನು ಮಲಗುವ ಕೋಣೆಗೆ ಅಟ್ಟಿದ್ದೇನೆ. ಹಲಗೆ ಖಾಲಿ ಇದೆ. "ಯಾಕೇ ಇದು ಖಾಲಿ?" ಅಂದರು ನಿನ್ನ ಅಣ್ಣ. ನಾನು ಬಾಯಿ ಬಿಡಲಿಲ್ಲ, ಶಿಕ್ಷೆಯಲ್ಲಿದ್ದೇನಲ್ಲ. ಅವರೇ ಅದರ ಮೇಲೆ ಒಂದು ಸಲ ಕೈಯಾಡಿಸಿ, "ಮಟ್ಟ ಸರಿಯಾಗಿಲ್ಲ ಅನ್ಸ್ತದೆ" ಅಂದು, ಗಾರೆಯವನ ಮಟ್ಟಗೋಲು ಇಸಿದುಕೊಂಡು ಇಟ್ಟು ನೋಡಿದರು.

ಇಂತಿ,
ಮೌನ ವ್ರತದ
ವನಜಿ


ದಬ್ಬೇಘಟ್ಟ
೬-೧೧-೨೦೨೪

ಲೇ ವನಜಿ,

ಅಣ್ಣ ಬಂದಿತ್ತು. ನಿನಗೆ ಹೇಳದೆ ಬಂದಿದೆ ಅಂತ ಮುಖ ನೋಡಿದರೇ ಗೊತ್ತಾಯಿತು. ಮಂಡಿಗೆ ಹೋಗುವ ಪಂಚೆಯಲ್ಲೇ, ಕೊಬ್ಬರಿ ಪುಡಿ ಅಂಗಿಯ ಮೇಲೆ. ತಟ್ಟೆಯಲ್ಲಿ ಕುಂಕುಮ, ಹೂವು, ಕುಪ್ಪಸದ ಕಣ. ಅದರ ಬಣ್ಣ ನೋಡಿದರೆ ಗೊತ್ತಾಗುತ್ತದೆ, ನೀನು ಆರಿಸಿದ್ದಲ್ಲ. ಅಂಥ ಹಸಿರು ನಮ್ಮ ತೋಟದಲ್ಲೂ ಇಲ್ಲ.

ಬಂದು ಕೂತಿತು. ಕಾಫಿ ಕುಡಿಯಿತು. ಕೊಬ್ಬರಿ ರೇಟು ಹೇಳಿತು. ಮಳೆ ಹೇಳಿತು. ಇವರ ಬಿಪಿ ಕೇಳಿತು. ಆಮೇಲೆ ಎದ್ದು ಗಡಿಯಾರದ ಮುಂದೆ ನಿಂತಿತು. ಅದು ಅದರ ಪದ್ಧತಿಯಂತೆ ಹನ್ನೊಂದಕ್ಕೆ ಆರು ಹೊಡೆಯಿತು. ಅಣ್ಣ ನನ್ನ ಕಡೆ ತಿರುಗಿತು.

"ಇದು ನಿನ್ ತಾವೇ ಇರ್ಲಿ ಕಣವ್ವಾ. ಮೂರೂ ನಿಂದೇ. ಅವತ್ತೇ ಅನ್ಬೇಕಾಗಿತ್ತು. ದೊಡ್ಡಪ್ಪ ಬೈತಾರೆ ಅಂತ ಮುಳ್ಳು ನೋಡ್ತಾ ಕುಂತೆ. ನೀನು ಬಾ. ಹಾಲುಕ್ಸಾಕೆ ಮನೆ ಮಗಳು ಇಲ್ದಿದ್ರೆ ಅದೂ ಒಂದ್ ಮನೇನಾ?"

ಇಷ್ಟು ಉದ್ದದ ಮಾತನ್ನು ಅಣ್ಣನ ಬಾಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮುಗಿಸಿ ಬೆವರು ಒರೆಸಿಕೊಂಡಿತು. ನಾನ್ಯಾಕೆ ಅಳಲಿ? ಅಳಲಿಲ್ಲ. ಒಳಗೆ ಹೋಗಿ ಈರುಳ್ಳಿ ಹೆಚ್ಚಿದೆ.

ಬರುತ್ತೇನೆ. ಗೃಹಪ್ರವೇಶದ ಹಿಂದಿನ ದಿನವೇ ಬರುತ್ತೇನೆ. ಗಡಿಯಾರವನ್ನೂ ತರುತ್ತೇನೆ, ಮೂರೂ. ಅಪ್ಪ ತಂದದ್ದು ಅಪ್ಪನ ಮಗನ ಮನೆಯಲ್ಲಿರಲಿ. ನನಗೆ ಅಣ್ಣನ ಬಾಯಿಂದ ಬಂತು, ಸಾಕು. ಅದೂ ಅಲ್ಲದೆ, ಹೇಳುತ್ತೇನೆ ಕೇಳು, ಅದು ಸರಿಯಾದ ಗಡಿಯಾರ ಅಲ್ಲ. ನೆಲ ಗುಡಿಸುವಾಗ ಹಲಗೆಗೆ ಪೊರಕೆ ತಗುಲಿದರೆ ಸಾಕು, ಕುಂಟಿಕೊಂಡು ನಿಂತುಬಿಡುತ್ತದೆ. ಅಲ್ಲಿ ಪದೇ ಪದೇ ನಿಲ್ಲುತ್ತದೆ. ನಿಂತಾಗಲೆಲ್ಲ ನಾನು ಬರಬೇಕಾಗುತ್ತದೆ. ಏನು ಮಾಡುವುದು, ಬರುತ್ತೇನೆ.

ಈಗ ವಾಸ್ತುವಿನ ತಕರಾರು. ಲೋಲಕದ ಗಡಿಯಾರವನ್ನು ಓಡಿಸಿಕೊಂಡು ಹೊತ್ತು ತರಲು ಆಗುವುದಿಲ್ಲ. ಲೋಲಕ ಬಿಚ್ಚಲೇಬೇಕು. ಅಂದರೆ ಅದು ನಿಂತೇ ನಿಮ್ಮ ಮನೆಯೊಳಗೆ ಬರುತ್ತದೆ. ಆ ಮಜ್ಜಿಗೆ ಕುಡಿದವನು ಕೇಳಿದರೆ ಹೇಳು, ಬಸ್ಸಿನಲ್ಲಿ ಬಂದವರು ಇಳಿದ ಮೇಲೆ ಸ್ವಲ್ಪ ಸುಧಾರಿಸಿಕೊಳ್ಳುವುದಿಲ್ಲವಾ? ಹಾಗೆ. ರೆಕ್ಕೆಯ ಮಗುವಿನ ಚಡ್ಡಿ ತೆಗೆಯುವುದಿಲ್ಲ, ಅದಕ್ಕೆ ನೀನು ವಾದ ಮಾಡಬೇಡ. ನೆಂಟರು ಬರುವ ಮನೆ.

ಇವರು ಆಟೋ ಮಾಡಿಸುತ್ತೇನೆ ಅಂದಿದ್ದಾರೆ. ನಾನು ಬೇಡ ಅಂದೆ. ಆ ಕಂಡಕ್ಟರ್‌ನನ್ನು ನಾನೂ ಒಂದು ಸಲ ನೋಡಬೇಕು. ಕುರಿಗೆ ಕೊಟ್ಟ ಟಿಕೆಟ್ಟಿನಲ್ಲಿ ಹೋಗಿ ಬರುವುದೂ ಸೇರಿದೆಯೋ ಇಲ್ಲವೋ ಕೇಳುತ್ತೇನೆ.

ನೀನು ಒಂದು ಉಪಕಾರ ಮಾಡಬೇಕು. ನಾನು ಅದನ್ನು ಹಲಗೆಯ ಮೇಲಿಟ್ಟು ಕಿವಿ ಕೊಡುವಾಗ ಹಾಲಿನ ಫ್ಯಾನು ಆರಿಸು. ಮಿಕ್ಸಿ ಬೇಡ. ಅಣ್ಣ ಫೋನಿನಲ್ಲಿ ಕೊಬ್ಬರಿ ರೇಟು ಕೂಗುವುದಿದ್ದರೆ ಹಿತ್ತಲಿಗೆ ಕಳಿಸು. ನೀನೂ ಅಷ್ಟು ಹೊತ್ತು ಮಾತ್ರ ಬಾಯಿ ಮುಚ್ಚಿಕೊಂಡು ನನ್ನ ಪಕ್ಕದಲ್ಲಿ ನಿಂತಿರು.

ಇಂತಿ,
ನಿನ್ನ
ಸಿದ್ದಗಂಗಿ